ಕಾಯಿ ನಡೆಸುವವರು ಯಾರು? ಪಾತ್ರಾಭಿನಯದ ಆಟಗಳಲ್ಲಿ ಬೆಳವಣಿಗೆಯ ಆಯ್ಕೆ

ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಭಿನಯದ ಆಟ, ಅಂದರೆ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಎಂಬ ಹೆಸರಿನಿಂದ ಪರಿಚಿತವಾಗಿರುವ ಆಟವು, ನಾಲ್ಕೈದು ಜನ ಸೇರಿ ಮಾತಿನಲ್ಲೇ ಕಟ್ಟುತ್ತ ಹೋಗುವ ಕಥೆ. ಅವರಲ್ಲಿ ಒಬ್ಬರು ಕಥೆಯ ಲೋಕವನ್ನು ನಡೆಸುತ್ತಾರೆ, ಉಳಿದವರು ತಲಾ ಒಂದು ಪಾತ್ರವನ್ನು ವಹಿಸಿಕೊಳ್ಳುತ್ತಾರೆ, ಫಲ ಅನಿಶ್ಚಿತವಾದಲ್ಲಿ ದಾಳ ಉರುಳಿಸುತ್ತಾರೆ. ಲೋಕವನ್ನು ನಡೆಸುವವರಿಗೆ ಇಂಗ್ಲಿಷಿನಲ್ಲಿ ಗೇಮ್ ಮಾಸ್ಟರ್ ಎನ್ನುತ್ತಾರಾದರೂ, ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ ರಂಗಕ್ಕೆ ಬಂದ ಪಾತ್ರವನ್ನು ಎದುರುಗೊಂಡು ಮಾತನಾಡಿಸುವ ಸಾರಥಿಯ ಕೆಲಸಕ್ಕೆ ಈ ಕೆಲಸ ಬಹಳ ಹತ್ತಿರವಾಗಿರುವುದರಿಂದ, ಈ ಲೇಖನದಲ್ಲಿ ಅವರನ್ನು ಸಾರಥಿ ಎಂದೇ ಕರೆಯಲಾಗಿದೆ. ಕೇರಂ ಅಥವಾ ಚದುರಂಗದಂತೆ ಈ ಆಟ ಒಂದೇ ಕೂಟದಲ್ಲಿ ಮುಗಿಯುವುದಿಲ್ಲ. ವಾರಗಳ ಕಾಲ, ಕೆಲವೊಮ್ಮೆ ವರ್ಷಗಳ ಕಾಲ ಸಾಗುತ್ತದೆ, ಮತ್ತು ಆ ಅವಧಿಯಲ್ಲಿ ಪಾತ್ರಗಳು ಬಲವನ್ನೂ ವಿದ್ಯೆಯನ್ನೂ ಗಳಿಸುತ್ತ ಬೆಳೆಯುತ್ತವೆ. ಆ ಬೆಳವಣಿಗೆಯ ದಿಕ್ಕನ್ನು ನಿರ್ಧರಿಸಬೇಕಾದವರು ಯಾರು, ನಿಯಮಪುಸ್ತಕವೋ, ಸಾರಥಿಯೋ, ದಾಳವೋ, ಆಟಗಾರನೋ ಎಂಬ ಪ್ರಶ್ನೆ ಮೇಲ್ನೋಟಕ್ಕೆ ತಾಂತ್ರಿಕವಾಗಿ ಕಂಡರೂ, ಒಂದು ಆಟ ಆರನೆಯ ವಾರದವರೆಗೆ ಉಳಿಯುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಅದಕ್ಕೆ ದೊರೆಯುವ ಉತ್ತರವನ್ನೇ ಅವಲಂಬಿಸಿದೆ.

ಈ ಪ್ರಶ್ನೆ ಕನ್ನಡದ ಮನೆಗಳಿಗೆ ಹೊಸದೇನೂ ಅಲ್ಲ. ವೈಕುಂಠ ಏಕಾದಶಿಯ ಜಾಗರಣೆಯೊಂದಿಗೆ ನೆನಪಾಗುವ ಪರಮಪದ ಸೋಪಾನಪಟದಲ್ಲಿ ಕಾಯಿ ಏಣಿ ಹತ್ತುವುದೂ ಹಾವಿನ ಬಾಯಿಗೆ ಬಿದ್ದು ಇಳಿಯುವುದೂ ಪೂರ್ತಿಯಾಗಿ ದಾಳದ ಕೈಯಲ್ಲಿದೆ. ಆಡುವವನು ದಾಳ ಹಾಕುತ್ತಾನೆಯೇ ಹೊರತು ಏನನ್ನೂ ಆರಿಸುವುದಿಲ್ಲ, ಮತ್ತು ಕರ್ಮಫಲವನ್ನು ಮನವರಿಕೆ ಮಾಡಿಕೊಡುವುದೇ ಆ ಪಟದ ಉದ್ದೇಶವಾದ್ದರಿಂದ ಆಯ್ಕೆಯ ಅಭಾವವೇ ಅಲ್ಲಿ ಅರ್ಥಪೂರ್ಣ. ಚೌಕಾಬಾರದ ರೀತಿ ಬೇರೆ. ಐದು ಸಾಲು, ಐದು ಕಂಬಗಳ ಇಪ್ಪತ್ತೈದು ಮನೆಗಳಲ್ಲಿ ಹೊರಸುತ್ತಿನ ಹದಿನಾರು ಮನೆ, ಒಳಸುತ್ತಿನ ಎಂಟು ಮನೆ, ನಡುವಿನ ಒಂದು ಹಣ್ಣಿನ ಮನೆ. ನಾಲ್ಕು ಕವಡೆ ಬಿದ್ದಷ್ಟು ಗರವನ್ನು ತನ್ನ ನಾಲ್ಕು ಕಾಯಿಗಳಲ್ಲಿ ಯಾವುದಕ್ಕೆ ಕೊಡಬೇಕೆಂಬುದು ಆಡುವವರ ವಿವೇಚನೆಗೆ ಬಿಟ್ಟದ್ದು. ಅದಕ್ಕಿಂತ ಮುಖ್ಯವಾಗಿ, ಬಹಳಷ್ಟು ಮನೆಗಳ ಕಟ್ಟಳೆಯಂತೆ ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಮುಂದಿನ ಹಂತಕ್ಕೆ ಹೋಗುವ ಹಕ್ಕು ಗರದಿಂದ ಮಾತ್ರ ಬರದೆ, ಆಟದಲ್ಲಿ ಮಾಡಿದ ಒಂದು ಕೃತ್ಯದಿಂದ ಬರಬೇಕು ಎಂಬ ಈ ಕಟ್ಟಳೆಯಲ್ಲಿ, ಇಪ್ಪತ್ತನೆಯ ಶತಮಾನದ ಆಟ ರಚನಕಾರರು ದಶಕಗಳ ಪ್ರಯೋಗದ ನಂತರ ತಲುಪಿದ ತಿಳಿವಳಿಕೆಯ ಬೀಜವಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳಿಗೆ ಸ್ಥಾನ ಕೊಟ್ಟದ್ದನ್ನು ನೆನೆದರೆ, ಆಟದ ನಿಯಮವನ್ನು ಗಂಭೀರವಾಗಿ ಚಿಂತಿಸುವುದು ಈ ನೆಲಕ್ಕೆ ಹೊರಗಿನಿಂದ ಬಂದ ಹವ್ಯಾಸವೇನೂ ಅಲ್ಲವೆಂಬುದು ಸ್ಪಷ್ಟವಾಗುತ್ತದೆ.

ಪಾತ್ರಾಭಿನಯದ ಆಟದ ಮೊದಲ ಮುದ್ರಿತ ರೂಪ 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಗಿ ಹೊರಬಂದಿತು. ಅದರಲ್ಲಿ ಆಟಗಾರನಿಗೆ ದೊರೆಯುತ್ತಿದ್ದ ದೊಡ್ಡ ಆಯ್ಕೆ ಆರಂಭದಲ್ಲಿ ಒಮ್ಮೆ ಮಾತ್ರ: ಯೋಧ, ಮಾಂತ್ರಿಕ, ಪುರೋಹಿತ ಎಂಬ ಮೂರು ವರ್ಗಗಳಲ್ಲಿ ಒಂದನ್ನು ಆರಿಸಿಕೊಂಡ ಮೇಲೆ ಮುಂದಿನ ಬೆಳವಣಿಗೆಯನ್ನು ಕೋಷ್ಟಕವೇ ಹೇಳುತ್ತಿತ್ತು. ಆದರೆ ಅನುಭವಾಂಕ, ಅಂದರೆ ಮುಂದಿನ ಮಟ್ಟಕ್ಕೇರಲು ಕೂಡಿಹಾಕಬೇಕಾದ ಅಂಕ, ಹೆಚ್ಚಾಗಿ ಹೊತ್ತು ತಂದ ಚಿನ್ನದ ಲೆಕ್ಕದಲ್ಲಿ ದೊರೆಯುತ್ತಿದ್ದುದರಿಂದ, ಜಾಣ ಆಟಗಾರರು ರಾಕ್ಷಸನೊಡನೆ ಹೋರಾಡುವುದಕ್ಕಿಂತ ಅವನು ನಿದ್ರಿಸುವಾಗ ಭಂಡಾರವನ್ನು ಸಾಗಿಸುವ ಉಪಾಯ ಹುಡುಕುತ್ತಿದ್ದರು. ಆಟವು ಯಾವುದಕ್ಕೆ ಅಂಕ ಕೊಡುತ್ತದೋ ಆಟಗಾರರು ಅದನ್ನೇ ಮಾಡುತ್ತಾರೆ ಎಂಬ ಈ ಸಂಗತಿಯನ್ನು ಸಾರಥಿಯಾಗಲು ಹೊರಟವರು ಎಲ್ಲಕ್ಕಿಂತ ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. 1977ರ ಟ್ರಾವೆಲರ್ ಆಟದಲ್ಲಿ ಪಾತ್ರದ ವೃತ್ತಿಜೀವನವೆಲ್ಲ ಆಟಕ್ಕೆ ಮುಂಚೆಯೇ ದಾಳದಿಂದ ರೂಪುಗೊಂಡು, ಆಟ ಆರಂಭವಾದ ಮೇಲೆ ಬೆಳವಣಿಗೆ ನಾಮಮಾತ್ರಕ್ಕೆ ಉಳಿಯಿತು. 1981ರ ಚಾಂಪಿಯನ್ಸ್ ಮತ್ತು 1986ರ ಗರ್ಪ್ಸ್ ಇದರ ಎದುರು ತುದಿಗೆ ಹೋಗಿ, ಅಂಕಗಳನ್ನು ಹಣದಂತೆ ಆಟಗಾರನ ಕೈಗೆ ಕೊಟ್ಟು, ಬೇಕಾದ ವಿದ್ಯೆಯನ್ನು ಕೊಂಡುಕೊಳ್ಳುವ ಪದ್ಧತಿಯನ್ನು ತಂದವು.

ಕೊಳ್ಳುವ ಪದ್ಧತಿಯಲ್ಲಿ ಸ್ವಾತಂತ್ರ್ಯ ಹೆಚ್ಚು ಎಂಬುದರಲ್ಲಿ ಸಂದೇಹವಿಲ್ಲವಾದರೂ, ಹೆಚ್ಚು ಸ್ವಾತಂತ್ರ್ಯವೇ ಒಳ್ಳೆಯ ಆಯ್ಕೆಯೆಂದು ಭಾವಿಸುವುದು ತಪ್ಪು. 2000ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂರನೆಯ ಆವೃತ್ತಿ ಇದಕ್ಕೆ ಸಾಕ್ಷಿ. ಅದು ವರ್ಗಗಳನ್ನು ಮನಬಂದಂತೆ ಬೆರೆಸುವ ಅವಕಾಶವನ್ನೂ, ಫೀಟ್ ಎಂಬ ವಿಶೇಷ ಸಾಮರ್ಥ್ಯಗಳ ದೊಡ್ಡ ಪಟ್ಟಿಯನ್ನೂ ಕೊಟ್ಟಿತು. ಆದರೆ ಉನ್ನತ ವರ್ಗಗಳನ್ನು ಸೇರಲು ಹಲವು ಮಟ್ಟಗಳ ಮುಂಚೆಯೇ ನಿರ್ದಿಷ್ಟ ಫೀಟ್‌ಗಳನ್ನೂ ಕೌಶಲಗಳನ್ನೂ ಕೂಡಿಸಿಟ್ಟಿರಬೇಕೆಂಬ ಷರತ್ತು ಹಾಕಿದ್ದರಿಂದ, ಎಷ್ಟೋ ಆಟಗಾರರು ಮೊದಲ ದಾಳ ಉರುಳುವ ಮುನ್ನವೇ ಇಪ್ಪತ್ತನೆಯ ಮಟ್ಟದವರೆಗಿನ ನಕ್ಷೆಯನ್ನು ಮನೆಯಲ್ಲಿ ಬರೆದುಕೊಂಡು ಬರುವಂತಾಯಿತು. ಅಂಥ ಪಾತ್ರಕ್ಕೆ ಮೇಜಿನ ಮೇಲೆ ಏನೇ ನಡೆದರೂ, ಗುರು ಸತ್ತರೂ, ಊರು ಸುಟ್ಟರೂ, ಬೆಳವಣಿಗೆ ಬದಲಾಗುವುದಿಲ್ಲ. ಆಯ್ಕೆ ಅಲ್ಲಿ ಇದೆ, ಆದರೆ ಅದು ಆಟಕ್ಕೆ ಮೊದಲೇ ಮುಗಿದುಹೋಗಿದೆ. ಆಯ್ಕೆ ಆಟಗಾರನದೇ ಆಗಿರಬೇಕು, ಮತ್ತು ಅದು ಆಟದೊಳಗೆ ನಡೆದ ಸಂಗತಿಯಿಂದ ಹುಟ್ಟಿರಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಬೆಳವಣಿಗೆ ಬರಿಯ ಲೆಕ್ಕವಾಗುತ್ತದೆ.

ಆಟದಿಂದ ಹುಟ್ಟುವ ಬೆಳವಣಿಗೆಯ ಅತ್ಯಂತ ಸರಳ ರೂಪವನ್ನು 1978ರ ರೂನ್‌ಕ್ವೆಸ್ಟ್ ಮತ್ತು ಅದೇ ಪ್ರಕಾಶನದ 1981ರ ಕಾಲ್ ಆಫ್ ಕ್ಥುಲು ಆಟಗಳು ತೋರಿಸಿಕೊಟ್ಟವು. ಇಲ್ಲಿ ಪ್ರತಿ ಕೌಶಲಕ್ಕೂ ನೂರರಲ್ಲಿ ಇಷ್ಟು ಎಂಬ ಅಂಕವಿರುತ್ತದೆ. ಆಟದಲ್ಲಿ ಆ ಕೌಶಲವನ್ನು ಬಳಸಿ ಗೆದ್ದರೆ ಅದರ ಪಕ್ಕದಲ್ಲಿ ಒಂದು ಗುರುತು ಹಾಕಿಕೊಳ್ಳಬೇಕು. ನಂತರ ಗುರುತು ಬಿದ್ದ ಪ್ರತಿ ಕೌಶಲಕ್ಕೂ ಶತಾಂಶದ ದಾಳ ಹಾಕಿ, ಈಗಿರುವ ಅಂಕಕ್ಕಿಂತ ಹೆಚ್ಚು ಬಿದ್ದರೆ ಮಾತ್ರ ಕೌಶಲ ಏರುತ್ತದೆ. ಹಾದಿ ಹುಡುಕುವುದರಲ್ಲಿ 30 ಇದ್ದವರಿಗೆ ಕಲಿಯುವ ಸಾಧ್ಯತೆ ನೂರಕ್ಕೆ 70, 80 ಇದ್ದವರಿಗೆ ಬರೀ 20. ಹೊಸಬ ಬೇಗ ಕಲಿಯುತ್ತಾನೆ, ಪಳಗಿದವನು ಒಂದಿಷ್ಟು ಮೇಲೇರಲು ಬಹಳ ದಿನ ಕಾಯುತ್ತಾನೆ ಎಂಬ ಲೋಕಾನುಭವ ಒಂದೇ ನಿಯಮದಲ್ಲಿ ಅಡಕವಾಗಿರುವುದು ಇದರ ಸೊಗಸು. ಆಟಗಾರನು ಇಲ್ಲಿ ಪಟ್ಟಿಯಿಂದ ಏನನ್ನೂ ಆರಿಸುವುದಿಲ್ಲ. ಅವನು ಆಟದಲ್ಲಿ ಏನು ಮಾಡಲು ಮುಂದಾಗುತ್ತಾನೆ ಎಂಬುದೇ ಅವನ ಆಯ್ಕೆ.

ಕಲಿಕೆಯ ಈ ಬಗೆಯನ್ನು ಧಾರವಾಡ ಸೀಮೆಯವರಿಗೆ ಆಟದ ಪುಸ್ತಕದಿಂದ ವಿವರಿಸಬೇಕಾಗಿಯೇ ಇಲ್ಲ. ಧಾರವಾಡದ ಬಳಿಯ ಮನ್ಸೂರಿನಲ್ಲಿ 1910ರಲ್ಲಿ ಜನಿಸಿದ ಮಲ್ಲಿಕಾರ್ಜುನ ಮನ್ಸೂರರು ಬಾಲ್ಯದಲ್ಲಿ ನಾಟಕದ ಕಂಪನಿಯಲ್ಲಿದ್ದು, ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯ ಗಾಯನವನ್ನು ಕಲಿತು, ಅದು ಗಟ್ಟಿಯಾದ ಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿಖಾನ್ ಮತ್ತು ಬುರ್ಜಿಖಾನರಲ್ಲಿ ಜೈಪುರ ಘರಾಣೆಯನ್ನು ಅಭ್ಯಸಿಸಿದರು. ಪಾತ್ರಾಭಿನಯದ ಆಟದ ಭಾಷೆಯಲ್ಲಿ ಇದು ವರ್ಗ ಬದಲಾವಣೆ. ಆದರೆ ಈ ಬದಲಾವಣೆಯಲ್ಲಿ ಹಳೆಯ ವಿದ್ಯೆ ಅಳಿಸಿಹೋಗಲಿಲ್ಲ, ಹೊಸ ವಿದ್ಯೆ ಕೇಳಿದ ಮಾತ್ರಕ್ಕೆ ಬರಲಿಲ್ಲ, ಗುರು ಸಿಗಬೇಕಾಯಿತು, ಗುರುವಿನ ಬಳಿ ವರ್ಷಗಳು ಸಲ್ಲಬೇಕಾಯಿತು. ಯಾವುದಾದರೂ ಆಟಗಾರ ತನ್ನ ಯೋಧನಿಗೆ ಇದ್ದಕ್ಕಿದ್ದಂತೆ ಮಂತ್ರವಿದ್ಯೆ ಬೇಕೆಂದಾಗ ಸಾರಥಿಯಾದವನು ಬೇಡವೆನ್ನದೆ, ‘ಕಲಿಸುವವರು ಯಾರು, ಅವರು ಎಲ್ಲಿದ್ದಾರೆ, ನಿನ್ನಿಂದ ಏನು ಕೇಳುತ್ತಾರೆ’ ಎಂದು ಮರುಪ್ರಶ್ನೆ ಹಾಕಿದರೆ, ಆ ಒಂದು ಬಯಕೆಯಿಂದಲೇ ಮುಂದಿನ ಮೂರು ವಾರಗಳ ಕಥೆ ಹುಟ್ಟಿಕೊಳ್ಳುತ್ತದೆ.

ಇನ್ನು ಇಂಥ ಆಟಕ್ಕೆ ರಾಯಾಪುರದಲ್ಲಿ ಒಂದು ಬಳಗ ಕಟ್ಟುವ ವಿಚಾರ. ಹುಬ್ಬಳ್ಳಿ ಮತ್ತು ಧಾರವಾಡಗಳನ್ನು ಕೂಡಿಸುವ ಸುಮಾರು 22 ಕಿಲೋಮೀಟರುಗಳ ಬಿಆರ್‌ಟಿಎಸ್ ಎಂಬ ತ್ವರಿತ ಬಸ್ ಸಾರಿಗೆಯ ಹಾದಿಯಲ್ಲಿ ರಾಯಾಪುರ ನಡುವೆ ಸಿಗುವ ಊರಾದ್ದರಿಂದ, ಎರಡೂ ಕಡೆಯ ವಿದ್ಯಾರ್ಥಿಗಳು ಮತ್ತು ನೌಕರಸ್ಥರು ಚಿಗರಿ ಎಂಬ ಆ ಹಾದಿಯ ಬಸ್ಸು ಹಿಡಿದು ಬಂದು ಸೇರಲು ಅನುಕೂಲವಾದ ತಾಣ. ಬಸ್ಸಿನ ಮೇಲೆ ಅವಲಂಬಿಸಿದ ಬಳಗಕ್ಕೆ ಸಮಯ ಮಿತವಾಗಿರುತ್ತದೆ. ಮೂರು ಗಂಟೆಯ ಕೂಟದಲ್ಲಿ ಮುಕ್ಕಾಲು ಗಂಟೆ ನಿಯಮಪುಸ್ತಕ ತಿರುವುತ್ತ ಹೊಸ ಸಾಮರ್ಥ್ಯ ಹುಡುಕುವುದರಲ್ಲಿ ಕಳೆದರೆ ಆಡುವುದಕ್ಕೆ ಏನೂ ಉಳಿಯುವುದಿಲ್ಲ. ಆದ್ದರಿಂದ ಬೆಳವಣಿಗೆಯ ಪ್ರಶ್ನೆಯನ್ನು ಕೂಟದ ಕೊನೆಯ ಹತ್ತು ನಿಮಿಷದಲ್ಲಿ ಎತ್ತಿ, ಉತ್ತರವನ್ನು ಮುಂದಿನ ಕೂಟದೊಳಗೆ ತರಲು ಹೇಳುವುದು ಒಳ್ಳೆಯದು. ಮನೆಗೆ ಹೋಗುವ ಬಸ್ಸಿನಲ್ಲಿ ಯೋಚಿಸಿದ ಆಯ್ಕೆ ಮೇಜಿನ ಮೇಲೆ ಅವಸರದಲ್ಲಿ ಮಾಡಿದ ಆಯ್ಕೆಗಿಂತ ಹೆಚ್ಚು ಪಕ್ವವಾಗಿರುತ್ತದೆ.

ಒಂದು ಕಲ್ಪಿತ ಆಟವನ್ನು ಇಟ್ಟುಕೊಂಡು ನೋಡಿದರೆ ವಿಷಯ ತಿಳಿಯಾಗುತ್ತದೆ. ಕಥೆಯ ಕಾಲ 1824ರ ಮಳೆಗಾಲದ ಕೊನೆ; ಆ ವರ್ಷದ ಅಕ್ಟೋಬರ್ 23ರಂದು ಕಿತ್ತೂರಿನ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಮಡಿಯಲಿದ್ದಾನೆ ಎಂಬುದು ಆಟಗಾರರಿಗೆ ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ. ಧಾರವಾಡದಿಂದ ಕಿತ್ತೂರಿಗೆ ಗುಟ್ಟಿನ ಪತ್ರಗಳನ್ನು ಒಯ್ಯುವ ಓಲೆಕಾರ್ತಿಯೊಬ್ಬಳು ಆ ಪಾತ್ರಗಳಲ್ಲಿ ಒಂದು. ಅವಳ ಹಾಳೆಯಲ್ಲಿ ಕತ್ತಿವರಸೆ, ಮಾತುಗಾರಿಕೆ, ಹಾದಿಯ ಬಲ್ಲತನ ಎಂಬ ಮೂರು ಸಾಲುಗಳಿವೆ. ಮೂರು ಕೂಟಗಳಲ್ಲಿ ಅವಳು ಒಮ್ಮೆಯೂ ಕತ್ತಿ ಹಿರಿಯಲಿಲ್ಲ. ಸುಂಕದ ಕಟ್ಟೆಯವನನ್ನು ಮಾತಿನಲ್ಲಿ ಒಲಿಸಿಕೊಂಡಳು, ಕುರಿಗಾರರ ಜೊತೆ ರಾತ್ರಿ ಕಳೆದು ಕಾಡಿನ ಒಳದಾರಿ ತಿಳಿದುಕೊಂಡಳು, ಒಂದು ಸಲ ಸುಳ್ಳು ಹೇಳಿ ಸಿಕ್ಕಿಬಿದ್ದಳು. ವರ್ಗದ ಕೋಷ್ಟಕವನ್ನು ಕಟ್ಟುನಿಟ್ಟಾಗಿ ಅನುಸರಿಸುವ ಆಟವಾದರೆ ಮುಂದಿನ ಮಟ್ಟದಲ್ಲಿ ಅವಳಿಗೆ ಕತ್ತಿಯ ಬಲ ಹೆಚ್ಚಬಹುದು, ಮತ್ತು ಆಟಗಾರ್ತಿ ಅದನ್ನು ಬೇಡವಾದ ಉಡುಗೊರೆಯಂತೆ ಬರೆದುಕೊಂಡು ಸುಮ್ಮನಾಗುತ್ತಾಳೆ. ಪೂರ್ತಿ ಮುಕ್ತವಾಗಿ ಬಿಟ್ಟರೆ ಅವಳು ಉದ್ದನೆಯ ಪಟ್ಟಿಯ ಮುಂದೆ ಕಂಗೆಡುತ್ತಾಳೆ, ಇಲ್ಲವೇ ಪಕ್ಕದ ಅನುಭವಿಯ ಸಲಹೆಯನ್ನು ಹಾಗೆಯೇ ಒಪ್ಪಿಬಿಡುತ್ತಾಳೆ.

ಈ ಎರಡರ ನಡುವೆ ಉಪಯುಕ್ತವಾದ ಒಂದು ಕ್ರಮವಿದೆ. ಸಾರಥಿಯು ಆಟಗಾರ್ತಿಯ ಮುಂದೆ ಮೂರು ಆಯ್ಕೆಗಳನ್ನಿಡಬೇಕು: ಎರಡು ಮೇಜಿನ ಮೇಲೆ ನಡೆದದ್ದರಿಂದ ಹುಟ್ಟಿದವು, ಮೂರನೆಯದು ಆಟಗಾರ್ತಿಯೇ ತುಂಬಲೆಂದು ಖಾಲಿ ಬಿಟ್ಟದ್ದು. ಓಲೆಕಾರ್ತಿಯ ವಿಷಯದಲ್ಲಿ ಮೊದಲನೆಯದು ಕುರಿಗಾರರ ಒಳದಾರಿ, ಅಂದರೆ ಕಾಡಿನಲ್ಲಿ ಬೆನ್ನಟ್ಟಿದವರಿಂದ ಒಂದು ಸಲ ದಾಳವಿಲ್ಲದೆ ಪಾರಾಗುವ ಸಾಮರ್ಥ್ಯ. ಎರಡನೆಯದು ಸುಂಕದವನ ಸಲಿಗೆ, ಅಂದರೆ ಕೂಟಕ್ಕೊಮ್ಮೆ ಕಟ್ಟೆಗೆ ಬಂದ ಸುದ್ದಿಯೊಂದನ್ನು ಕೇಳಿ ಪಡೆಯುವ ಹಕ್ಕು. ಮೂರನೆಯ ಜಾಗದಲ್ಲಿ ಅವಳು ಕತ್ತಿವರಸೆಯನ್ನೇ ಬರೆದರೆ ಅದನ್ನು ಸಾರಥಿಗೆ ಕೊಟ್ಟ ಒಂದು ಕೋರಿಕೆಯೆಂದು ಓದಬೇಕು: ಮುಂದಿನ ಕಥೆಯಲ್ಲಿ ಕಾಳಗ ಬರಲಿ, ತಾನು ಅದರಲ್ಲಿ ನಿಲ್ಲಬೇಕು ಎಂದು ಆಟಗಾರ್ತಿ ಹೇಳುತ್ತಿದ್ದಾಳೆ. ಬೆಳವಣಿಗೆಯ ಆಯ್ಕೆಯೆಂದರೆ ಮುಂದೆ ಎಂಥ ಕಥೆ ಬೇಕೆಂದು ಆಟಗಾರರು ಬರೆದು ಕೊಡುವ ಅರ್ಜಿ, ಮತ್ತು ಅದನ್ನು ಓದದ ಸಾರಥಿ ತನಗೆ ಬೇಕಾದ ಕಥೆಯನ್ನು ತಾನೊಬ್ಬನೇ ಹೇಳಿಕೊಳ್ಳುತ್ತ ಕೂರುತ್ತಾನೆ. ಹಾದಿಯ ವಿದ್ಯೆ ಆರಿಸಿಕೊಂಡ ಪಾತ್ರವನ್ನು ಮುಂದಿನ ಆರು ವಾರ ಅರಮನೆಯೊಳಗೆ ಕೂಡಿಹಾಕುವುದು ಆಯ್ಕೆಯನ್ನು ಕೊಟ್ಟು ಕಸಿದುಕೊಂಡಂತೆ.

ಆಯ್ಕೆಯ ಬೆಲೆ ಎಷ್ಟು ಎಂಬುದೂ ಆಟಗಾರರಿಗೆ ಮೊದಲೇ ತಿಳಿದಿರಬೇಕು, ಏಕೆಂದರೆ ಒಂದೇ ಅಂಕದ ಏರಿಕೆ ಬೇರೆ ಬೇರೆ ಆಟಗಳಲ್ಲಿ ಬೇರೆ ಬೇರೆ ತೂಕದ್ದು. ಇಪ್ಪತ್ತು ಮುಖದ ದಾಳ ಬಳಸುವ ಆಟದಲ್ಲಿ ಒಂದು ಅಂಕ ಏರಿದರೆ ಗೆಲುವಿನ ಸಾಧ್ಯತೆ ನೂರಕ್ಕೆ 5ರಷ್ಟು ಹೆಚ್ಚುತ್ತದೆ. ವಿನ್ಸೆಂಟ್ ಮತ್ತು ಮೆಗೆ ಬೇಕರ್ ಅವರ 2010ರ ಅಪಾಕಲಿಪ್ಸ್ ವರ್ಲ್ಡ್ ಆಟದಲ್ಲಾದರೋ ಎರಡು ಸಾಮಾನ್ಯ ದಾಳಗಳನ್ನು ಕೂಡಿಸುತ್ತಾರೆ. ಹತ್ತು ಅಥವಾ ಹೆಚ್ಚು ಬಿದ್ದರೆ ಪೂರ್ಣ ಗೆಲುವು, ಏಳರಿಂದ ಒಂಬತ್ತಾದರೆ ಏನನ್ನೋ ತೆತ್ತು ಪಡೆದ ಗೆಲುವು, ಆರು ಅಥವಾ ಕಡಿಮೆಯಾದರೆ ಕೇಡು. ಯಾವ ಬಲವೂ ಇಲ್ಲದವರಿಗೆ 36 ಸಾಧ್ಯತೆಗಳಲ್ಲಿ 6 ಮಾತ್ರ ಪೂರ್ಣ ಗೆಲುವು, 15 ಕೇಡು. ಒಂದೇ ಅಂಕ ಸೇರಿಸಿದರೆ ಪೂರ್ಣ ಗೆಲುವು 10ಕ್ಕೆ ಏರಿ ಕೇಡು 10ಕ್ಕೆ ಇಳಿಯುತ್ತದೆ. ಅಂಥ ಆಟದಲ್ಲಿ ಒಂದು ಅಂಕವನ್ನು ಕೈಬಿಟ್ಟು ಸಲಿಗೆಯನ್ನೋ ಒಳದಾರಿಯನ್ನೋ ಆರಿಸಿಕೊಳ್ಳುವವರು ಏನನ್ನು ಬಿಟ್ಟುಕೊಡುತ್ತಿದ್ದಾರೆಂದು ತಿಳಿದೇ ಬಿಟ್ಟುಕೊಡಬೇಕು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಆವೃತ್ತಿಯಲ್ಲೂ ಇಂಥ ಒಂದು ಸೂಕ್ಷ್ಮವಿದೆ. ಬಹುತೇಕ ವರ್ಗಗಳಿಗೆ 4, 8, 12, 16 ಮತ್ತು 19ನೆಯ ಮಟ್ಟಗಳಲ್ಲಿ ಒಂದು ಗುಣಕ್ಕೆ ಎರಡು ಅಂಕವನ್ನೋ ಎರಡು ಗುಣಗಳಿಗೆ ಒಂದೊಂದು ಅಂಕವನ್ನೋ ಸೇರಿಸಿಕೊಳ್ಳುವ ಅವಕಾಶವಿದ್ದು, ದಾಳಕ್ಕೆ ಕೂಡುವ ಬಲವು ಸಮಸಂಖ್ಯೆ ಮುಟ್ಟಿದಾಗ ಮಾತ್ರ ಏರುತ್ತದೆ. ಶಕ್ತಿ 15, ವಿವೇಕ 13 ಇರುವ ಪಾತ್ರ ಎರಡಕ್ಕೂ ಒಂದೊಂದು ಸೇರಿಸಿದರೆ ಎರಡೂ ಬಲಗಳು ಏರುತ್ತವೆ. ಶಕ್ತಿಯೊಂದನ್ನೇ 17ಕ್ಕೆ ಒಯ್ದರೆ ಒಂದೇ ಏರುತ್ತದೆ, ಇನ್ನೊಂದು ಅಂಕ ಮುಂದಿನ ಅವಕಾಶದವರೆಗೆ ಕೆಲಸವಿಲ್ಲದೆ ಉಳಿಯುತ್ತದೆ. ಇಂಥ ವಿಷಯವನ್ನು ಹೊಸಬರಿಗೆ ಹೇಳದೆ ಅವರು ತಪ್ಪಾಗಿ ಆರಿಸುವುದನ್ನು ನೋಡುತ್ತ ಕೂರುವುದು ಸ್ವಾತಂತ್ರ್ಯಕ್ಕೆ ಕೊಟ್ಟ ಗೌರವವಲ್ಲ, ಅದು ಅಲಕ್ಷ್ಯ. ಮೊದಲ ಎರಡು ಮಟ್ಟಗಳ ಆಯ್ಕೆಯನ್ನು ಒಮ್ಮೆ ತಿದ್ದಿಕೊಳ್ಳಲು ಎಲ್ಲರಿಗೂ ಅವಕಾಶವಿರಬೇಕು.

ಅಂಕದ ಬೆಲೆಯ ಹಾಗೆಯೇ ಕಥೆಯ ಬೆಲೆಯೂ ಇದೆ, ಮತ್ತು ಇದರಲ್ಲಿ ಕನ್ನಡದ ಓದುಗರಿಗೆ ಮಹಾಭಾರತದ ಕಥೆಗಿಂತ ಒಳ್ಳೆಯ ಮಾರ್ಗದರ್ಶಿ ಬೇಕಿಲ್ಲ. ಅರ್ಜುನನು ತಪಸ್ಸು ಮಾಡಿ, ಕಿರಾತನೊಡನೆ ಸೆಣಸಿ, ಸೋತು ಪಾಶುಪತಾಸ್ತ್ರ ಪಡೆಯುತ್ತಾನೆ. ಅಲ್ಲಿ ಪಡೆದ ಸಾಮರ್ಥ್ಯಕ್ಕೂ ಪಟ್ಟ ಶ್ರಮಕ್ಕೂ ನೇರ ನಂಟು. ಕರ್ಣನು ತನ್ನ ಹುಟ್ಟನ್ನು ಮರೆಮಾಚಿ ಪರಶುರಾಮನಿಂದ ಅಸ್ತ್ರವಿದ್ಯೆ ಪಡೆಯುತ್ತಾನೆ, ಗುಟ್ಟು ಬಯಲಾದಾಗ ಬೇಕಾದ ಹೊತ್ತಿಗೆ ಮಂತ್ರ ಮರೆತುಹೋಗಲೆಂಬ ಶಾಪವೂ ಅದರ ಜೊತೆಗೇ ಬರುತ್ತದೆ. ಈ ಎರಡನೆಯ ಬಗೆಯನ್ನು ಸಾರಥಿಗಳು ಹೆಚ್ಚು ಬಳಸಬೇಕು. ಹೆಚ್ಚಿನ ಬಲ ಬೇಕೆನ್ನುವ ಆಟಗಾರನಿಗೆ ಅದನ್ನು ನಿರಾಕರಿಸುವ ಬದಲು, ಒಂದು ಸಾಲ, ಒಂದು ವೈರ, ಒಂದು ಗುಟ್ಟನ್ನು ಜೊತೆಗೆ ಕೊಟ್ಟು ಒಪ್ಪುವೆಯಾ ಎಂದು ಕೇಳಬೇಕು. ಆದರೆ ಕೇಳುವಾಗ ಬೆಲೆಯನ್ನು ಬಚ್ಚಿಡಬಾರದು; ಶಾಪದ ಅರಿವು ಪಾತ್ರಕ್ಕೆ ಇಲ್ಲದಿರಬಹುದು, ಆಟಗಾರನಿಗೆ ಇರಲೇಬೇಕು.

ಅಂಕ ಕೊಡುವ ಅಧಿಕಾರವೆಲ್ಲ ಸಾರಥಿಯಲ್ಲೇ ಇರಬೇಕೆಂದೂ ಇಲ್ಲ. ಅಪಾಕಲಿಪ್ಸ್ ವರ್ಲ್ಡ್‌ನ ಮೊದಲ ಆವೃತ್ತಿಯಲ್ಲಿ ಪ್ರತಿ ಪಾತ್ರದ ಎರಡು ಗುಣಗಳನ್ನು, ಒಂದನ್ನು ಜೊತೆಯ ಆಟಗಾರರೊಬ್ಬರು, ಇನ್ನೊಂದನ್ನು ಸಾರಥಿ ಗುರುತಿಸುತ್ತಾರೆ. ಆ ಗುಣಗಳನ್ನು ಬಳಸಿದಾಗ ಅನುಭವಾಂಕ ಸಿಗುತ್ತದೆ. ಈ ಪಾತ್ರದಲ್ಲಿ ನಾವು ಏನನ್ನು ನೋಡಬಯಸುತ್ತೇವೆ ಎಂದು ಗೆಳೆಯರೇ ಹೇಳುವ ರೀತಿಯಿದು. ಜಾನ್ ಹಾರ್ಪರ್ ಅವರ ಬ್ಲೇಡ್ಸ್ ಇನ್ ದ ಡಾರ್ಕ್ ಆಟದಲ್ಲಿ ಕೂಟದ ಕೊನೆಗೆ ಕೆಲವು ಪ್ರಶ್ನೆಗಳನ್ನು ಕೇಳಲಾಗುತ್ತದೆ: ಪಾತ್ರವು ತನ್ನ ನಂಬಿಕೆಯನ್ನೋ ಹಿನ್ನೆಲೆಯನ್ನೋ ಇಂದು ನಡೆಯಲ್ಲಿ ತೋರಿತೇ, ತನ್ನ ದೌರ್ಬಲ್ಯದೊಡನೆ ಹೆಣಗಿತೇ ಎಂದು, ಹೌದೆಂಬ ಉತ್ತರಕ್ಕೆ ಅಂಕ. ರಾಯಾಪುರದ ಬಳಗವೂ ತನ್ನದೇ ಎರಡು ಪ್ರಶ್ನೆಗಳನ್ನು ಮಾಡಿಕೊಂಡು ಗೋಡೆಗೆ ಅಂಟಿಸಬಹುದು. ಪರೀಕ್ಷೆ, ಪಾಳಿ ಕೆಲಸ, ಊರ ಜಾತ್ರೆಗಳ ಕಾರಣ ಬರಲಾಗದವರಿಗೂ ಬಂದವರಷ್ಟೇ ಅಂಕ ಕೊಡುವುದು ನ್ಯಾಯ, ಏಕೆಂದರೆ ಹಿಂದೆ ಬಿದ್ದ ಪಾತ್ರವನ್ನು ಹಿಡಿದುಕೊಂಡು ಯಾರೂ ಉತ್ಸಾಹದಿಂದ ಮರಳುವುದಿಲ್ಲ.

ಭಾಷೆಯ ಮಾತು ಕೊನೆಗೆ ಬಂದರೂ ಹಗುರವಾದುದಲ್ಲ. ‘ಈಗ ನೀ ಏನ್ ಮಾಡ್ತೀ?’ ಎಂದು ಸಾರಥಿ ಧಾರವಾಡದ ಮಾತಿನಲ್ಲಿ ಕೇಳಿದಾಗ ಬರುವ ಉತ್ತರಕ್ಕೂ, ಅದನ್ನೇ ಇಂಗ್ಲಿಷಿನಲ್ಲಿ ಕೇಳಿದಾಗ ಬರುವ ಉತ್ತರಕ್ಕೂ ಅಂತರವಿದೆ. ಮೊದಲನೆಯದರಲ್ಲಿ ಪಾತ್ರ ಮಾತನಾಡುತ್ತದೆ, ಎರಡನೆಯದರಲ್ಲಿ ಹಲವೊಮ್ಮೆ ನಿಯಮಪುಸ್ತಕ ಮಾತನಾಡುತ್ತದೆ. ಸಾಮರ್ಥ್ಯಗಳ ಹೆಸರೂ ಹಾಗೆಯೇ. ಪರ್ಸ್ಯುಏಷನ್ ಎಂಬ ಸಾಲಿನ ಬದಲು ಮಾತುಗಾರಿಕೆ ಎಂದಿದ್ದರೆ ಆಟಗಾರರು ಆರಿಸುವಾಗ ಮನಸ್ಸಿಗೆ ಬರುವುದು ಊರ ಕಟ್ಟೆಯ ಮಾತುಗಾರ, ಪುಸ್ತಕದ ವ್ಯಾಖ್ಯೆಯಲ್ಲ. ಇದಕ್ಕೆ ಕಾನೂನಿನ ತೊಡಕೂ ಇಲ್ಲ: ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂಲ ನಿಯಮಗಳ ಸಂಗ್ರಹವಾದ ಎಸ್‌ಆರ್‌ಡಿ 5.1 ಅನ್ನು ಪ್ರಕಾಶಕರು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದ್ದು, ಮೂಲದ ಹೆಸರನ್ನು ಉಲ್ಲೇಖಿಸಿ ಯಾರು ಬೇಕಾದರೂ ಅದನ್ನು ಕನ್ನಡಕ್ಕೆ ತರಬಹುದು, ಬದಲಿಸಬಹುದು, ಮಾರಲೂಬಹುದು. ಹನ್ನೆರಡು ವರ್ಗಗಳ ಬೆಳವಣಿಗೆಯ ಕೋಷ್ಟಕಗಳು ಅದರಲ್ಲಿವೆ. ಕನ್ನಡ ಬಲ್ಲ ಒಂದು ಬಳಗ ತಿಂಗಳಿಗೊಂದು ವರ್ಗವನ್ನು ಕನ್ನಡಿಸಿದರೆ ವರ್ಷದಲ್ಲಿ ಆ ಹನ್ನೆರಡೂ ಮುಗಿಯುತ್ತವೆ.

ಸಲಕರಣೆಗಳಿಗೆ ಹೆಚ್ಚು ಖರ್ಚಿಲ್ಲ. ಇಪ್ಪತ್ತು ಮುಖದ ದಾಳ ಸಿಗದಿದ್ದರೆ ಒಂದರಿಂದ ಇಪ್ಪತ್ತರವರೆಗೆ ಬರೆದ ಚೀಟಿಗಳನ್ನು ಚೀಲದಲ್ಲಿ ಹಾಕಿ ಎತ್ತಿ, ಪ್ರತಿ ಸಲ ಮರಳಿ ಹಾಕಿದರೆ ಫಲ ಒಂದೇ. ಕವಡೆಗಳನ್ನು ಮಾತ್ರ ದಾಳದ ಬದಲಿಗೆ ನೇರವಾಗಿ ಬಳಸಬಾರದು, ಏಕೆಂದರೆ ಕವಡೆ ಅಂಗಾತ ಬೀಳುವುದೂ ಬೋರಲು ಬೀಳುವುದೂ ಸಮಸಮವಲ್ಲ. ಪಾತ್ರದ ಹಾಳೆಗೆ ನೂರು ಪುಟದ ನೋಟ್‌ಬುಕ್ಕಿನ ಒಂದು ಪುಟ ಸಾಕು. ಅದನ್ನು ಪೆನ್ನಿನಿಂದ ಬರೆಯದೆ ಪೆನ್ಸಿಲಿನಿಂದ ಬರೆಯಬೇಕು, ಮತ್ತು ಬೆಳವಣಿಗೆಯ ಸಾಲನ್ನು ಸಾರಥಿ ಬರೆದುಕೊಡದೆ ಆ ಪಾತ್ರ ವಹಿಸಿದವರೇ ತಮ್ಮ ಕೈಯಾರೆ ಬರೆದುಕೊಳ್ಳಲಿ.